ಬಾಲ ಮಾತ್ರ ನಮ್ಮದು

ತಂಗಿ ಮೋರೀನ್,

ಸ್ಕಾಟ್‌ಲೆಂಡ್ ತಲುಪಿದೆ. ಮಂಡಿನೋವು ಪರವಾಗಿಲ್ಲ, ಮಾತ್ರೆ ತಪ್ಪಿಸಿಲ್ಲ. ನಿನ್ನ ಡೆಸ್ಮಂಡ್ ಹಾರಿಸುತ್ತಿದ್ದ, ನಾನು ಹನ್ನೊಂದು ವರ್ಷ ರಿಪೇರಿ ಮಾಡಿದ ಆ ಲೈಟ್ನಿಂಗ್ ಯುದ್ಧವಿಮಾನ ಇಲ್ಲಿನ ಮ್ಯೂಸಿಯಮ್ಮಿನಲ್ಲಿ ನಿಂತಿದೆ. ಬಾಲದ ಮೇಲೆ ಅದೇ ನಂಬರು. ಆದರೆ ಮುಂದೆ ಮೂತಿಯ ಹತ್ತಿರ, ಸೀಟಿಗೆ ಹತ್ತಲು ಏಣಿ ಸಿಕ್ಕಿಸುವ ಜಾಗದ ಕೆಳಗೆ ನಾನೇ ಹಾಕಿದ್ದ ತೇಪೆಗಾಗಿ ತಡಕಿದರೆ, ತಗಡು ನುಣ್ಣಗಿದೆ! ಅಲ್ಲಿದ್ದ ಕಾವಲಿನವನನ್ನು ಕೇಳಿದೆ.

“ಅಯ್ಯೋ ಯಜಮಾನ್ರೇ, ಇದು ಎರಡು ವಿಮಾನ ಸೇರ್ಸಿ ಮಾಡಿದ್ದು. ಮೂತಿ ಒಂದರದ್ದು, ಬಾಲ ಇನ್ನೊಂದರದ್ದು. ನಂಬರು ಬಾಲದ ಮೇಲಿತ್ತಲ್ಲ, ಅದೇ ಉಳ್ಕೊಂಡ್ತು.”

“ಹಾಗಾದ್ರೆ ಈ ಸೀಟು ಯಾರದಪ್ಪಾ?”

“ಯಾರಿಗ್ಗೊತ್ತು! ಕೂತು ನೋಡ್ತೀರಾ? ಎರಡು ಪೌಂಡು.”

ಡೆಸ್ಮಂಡ್ ತೀರಿಕೊಂಡ ಮೇಲೆ ಉಳಿದ ಆ ಒಂದು ಕೈಗವಸನ್ನು ಅವನ ಸೀಟಿನ ಮೇಲಿಟ್ಟು ಬಾ ಎಂದು ನೀನು ಕೊಟ್ಟು ಕಳಿಸಿದ್ದೆ. ಇಟ್ಟರೆ ಬೇರೆ ಯಾರದೋ ಗಂಡನಿಗೆ ಕೊಟ್ಟ ಹಾಗೆ. ಇಡದಿದ್ದರೆ ನಿನಗೇನು ಹೇಳಲಿ? ಇದು ನಮ್ಮ ವಿಮಾನವೋ ಅಲ್ಲವೋ ಎಂದೇ ತಿಳಿಯದೆ ಎರಡು ಲೋಟ ಚಹಾ ಕುಡಿದೆ. ಆಮೇಲೆ ನೆನಪಾಯಿತು: ಏಣಿ ಹತ್ತುವ ಮುಂಚೆ ಅವನು ಪ್ರತಿ ಸಲ ಹಿಂದಕ್ಕೆ ಹೋಗಿ ಬಾಲಕ್ಕೆ ಎರಡು ಏಟು ತಟ್ಟುತ್ತಿದ್ದ. “ಮನೆ ಸೇರಿಸ್ಬಿಡು ಕಣೇ ತಾಯಿ” ಅನ್ನುತ್ತಿದ್ದ.

ಗವಸು ಹಾಕಿಕೊಂಡು ನಾನೂ ಬಾಲಕ್ಕೆ ಎರಡು ಏಟು ತಟ್ಟಿದೆ. ಸರಿಯೋ ತಪ್ಪೋ ಗೊತ್ತಿಲ್ಲ. ಗವಸನ್ನು ಮನೆಗೇ ತರುತ್ತಿದ್ದೇನೆ, ಬೈಯುವುದಾದರೆ ಬೈ.

ನಿನ್ನ ಅಣ್ಣ,
ವಿಲ್ಫ್