ಗಿಡ್ಡ ಕುರ್ಚಿ

ಜೂನ್ 14, ಶನಿವಾರ

ಕುಶಲಣ್ಣ ಊಟಕ್ಕೆ ಕೂತಾಗಲೂ ನನ್ನ ಹತ್ತಿರ ಮಾತಾಡಲಿಲ್ಲ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ದಿನವಿಡೀ ಕೂತು ಮಲಯಾಳದಿಂದ ಕನ್ನಡಕ್ಕೆ ಅನುವಾದ ಮಾಡುವವಳು ನಾನು, ಸೊಂಟ ನೋಯುವುದೂ ನನಗೆ. ನನಗೊಂದು ಕುರ್ಚಿ ಕೊಳ್ಳಲು ಇವತ್ತು ಇಬ್ಬರೂ ಹೊಸಂಗಡಿ ಪೇಟೆಗೆ ಹೋದರೆ, ಅಂಗಡಿಯವ ಕುರ್ಚಿಯಲ್ಲಿ ಕೂರಿಸಿದ್ದು ಅಣ್ಣನನ್ನು. ಅಣ್ಣ ಒರಗಿ, ಒಂದು ಸುತ್ತು ತಿರುಗಿ, "ಭಾರೀ ಲಾಯ್ಕುಂಟು, ಇದೇ ಆಗಬಹುದು" ಅಂದ. ನಾನು ಕೂತರೆ ಕಾಲು ನೆಲಕ್ಕೆ ಎಟಕಲಿಲ್ಲ.

"ಕೆಳಗೆ ಒಂದು ಮಣೆ ಇಟ್ಟರಾಯಿತು ಮಾರಾಯ್ತಿ. ನಾಳೆ ಮನೆಗೆ ಯಾರಾದರೂ ಬಂದರೆ ಅವರಿಗೂ ಬೇಕಲ್ಲ?" ಅಂದ ಅಣ್ಣ.

ನಮ್ಮಲ್ಲಿ ಹೀಗೇ. ಒಳ್ಳೆಯ ಕುರ್ಚಿ ಎಂದರೆ ಬರುವವರದ್ದು. ಅಮ್ಮ ವರ್ಷಗಟ್ಟಲೆ ಬೀಡಿ ಕಟ್ಟಿದ್ದು ಜಗಲಿಯ ನೆಲದಲ್ಲಿ, ಬೆನ್ನು ಬಗ್ಗಿಸಿ. ಪಕ್ಕದಲ್ಲೇ ಕುರ್ಚಿಗಳು ಖಾಲಿ ಇದ್ದವು. ಈಗ ಅವಳಿಗೆ ಎದ್ದು ನಿಲ್ಲಲು ಗೋಡೆ ಬೇಕು.

ನಾಲ್ಕು ಜನರ ಮುಂದೆ ವಾದ ಮಾಡುವ ಧೈರ್ಯ ನನಗಿಲ್ಲ. ಅಂಗಡಿಯ ಮೂಲೆಯಲ್ಲಿದ್ದ ಗಿಡ್ಡ ಕುರ್ಚಿಯನ್ನು ಒಂದು ಮೇಜಿನ ಎದುರು ಎಳೆದು ಕೂತೆ. ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಕೆಲಸ ಶುರು ಮಾಡಿದೆ. ಹೊರಗೆ ಬಸ್ಸಿಗೆ ಕಾಯುವವರೆಲ್ಲ ಗಾಜಿನಾಚೆಯಿಂದ ನೋಡಿದರು. ಕಿವಿ ಬಿಸಿಯಾಯಿತು. ಏಳಲಿಲ್ಲ.

"ಎಂತ ಮಾಡ್ತಿ? ಏಳು, ಜನ ನೋಡ್ತಾರೆ."

"ಈ ಪುಟ ಮುಗೀಲಿ."

ಪುಟ ಮುಗಿಯಿತು, ಇನ್ನೊಂದೂ ಮುಗಿಯಿತು. ಸೊಂಟ ಸುಮ್ಮನಿತ್ತು. "ಇದು ಸಾಕು" ಅಂದೆ ಅಂಗಡಿಯವನಿಗೆ.

"ಅದರಲ್ಲಿ ನಾನು ಹಿಡಿಯುವುದೇ ಇಲ್ಲ" ಅಂದ ಅಣ್ಣ.

"ಗೊತ್ತುಂಟು. ಅದಕ್ಕೇ ಇದು."

ನನ್ನ ಸ್ವರ ನನಗೇ ದೊಡ್ಡದಾಗಿ ಕೇಳಿತು. ಕೇಳಲಿ.