ಅಕ್ಕನ ಕಿವಿಯ ಮೂಳೆ

ನನ್ನ ಗೌರಕ್ಕನಿಗೆ,

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ಬಸ್ಸಿನಲ್ಲಿ ನೀನು ನನ್ನ ಪಕ್ಕ ಕೂತು ಹರಟುತ್ತಿದ್ದದ್ದು ನೆನಪಾಗುತ್ತದೆ. ಎಂಜಿನ್ನಿನ ಗದ್ದಲಕ್ಕೆ ನಾನು ‘ಏನು? ಏನು?’ ಎನ್ನುತ್ತಿದ್ದೆ. ನಿನಗೆ ಮಾತ್ರ ನನ್ನ ಮಾತೆಲ್ಲ ಕೇಳುತ್ತಿತ್ತು. “ನಾನು ಬಸ್ಸಲ್ಲೇ ಸಂಸಾರ ಮಾಡ್ಬೇಕು ಕಣೇ. ಮನೇಲಿ ಒಂದೂ ಕೇಳಿಸಲ್ಲ” ಎಂದು ನಗುತ್ತಿದ್ದೆ ನೀನು. ಹೆರಿಗೆಯಾದ ಮೇಲೆ ಶುರುವಾದ ಕಿವುಡು ಅದು. ಕರೆದರೆ ಓಗೊಡದ ನಿನ್ನನ್ನು ಮಾಯಸಂದ್ರದ ನಿನ್ನ ಅತ್ತೆ ಸೊಕ್ಕಿನವಳು ಅಂದುಕೊಂಡಿದ್ದರಲ್ಲ...

ಪರೀಕ್ಷೆ ಮಾಡಿಸಿದ ದಿನ ಡಾಕ್ಟರು ಹೇಳಿದ್ದು ನೆನಪಿದೆಯಾ? ಕಿವಿಯೊಳಗೆ ಅಕ್ಕಿಕಾಳಿಗಿಂತ ಚಿಕ್ಕ ಮೂಳೆಯೊಂದಿದೆ, ಶಬ್ದ ಬಂದಾಗ ಅದು ಅಲುಗಬೇಕು, ನಿನ್ನದು ಸುತ್ತ ಹೊಸ ಮೂಳೆ ಬೆಳೆದು ಕಚ್ಚಿಕೊಂಡಿದೆ, ಗದ್ದಲದಲ್ಲೇ ಮಾತು ಚೆನ್ನಾಗಿ ಕೇಳಿಸುವುದೂ ಅದರ ಲಕ್ಷಣ ಎಂದರು. ನೀನು ನನ್ನ ಕಡೆ ತಿರುಗಿದೆ. “ವೈರಸ್ ಬಗ್ಗೆ ಓದಿದೋಳು ನೀನು. ನಂಗೇ ಯಾಕೆ ಬಂತು ಹೇಳೇ?” ದಡಾರದ ವೈರಸ್ ಆ ಮೂಳೆಯಲ್ಲಿ ವರ್ಷಗಟ್ಟಲೆ ಅಡಗಿದ್ದು ಹೀಗೆ ಮಾಡಬಹುದೆಂಬ ಅನುಮಾನ ಇದೆ ಎಂದು ನಾನು ಹೇಳಿದೆ. “ದಡಾರ ನಮ್ಮಿಬ್ರಿಗೂ ಬಂದಿತ್ತಲ್ಲೇ!” ಅಂದುಬಿಟ್ಟೆ ನೀನು. ಹೌದು. ಒಂದೇ ಚಾಪೆ, ಒಂದೇ ಬೇವಿನ ಸೊಪ್ಪು. ಹಾಗಾದರೆ ನಾನು ಹೇಗೆ ಉಳಿದೆ?

ಅದನ್ನು ಹಿಡಿದೇ ಲ್ಯಾಬಿನಲ್ಲಿ ಕೆಲಸ ಶುರುಮಾಡಿದೆ. ಇಂಥ ಕಿವುಡಿಗೆ ಮಾಡುವ ಆಪರೇಷನ್ನಿನಲ್ಲಿ ತೆಗೆದ ಮೂಳೆಯ ಚೂರುಗಳನ್ನು ರೋಗಿಗಳ ಒಪ್ಪಿಗೆ ಪಡೆದು ತಂದು, ಪುಡಿಮಾಡಿ, ದಡಾರದ ವೈರಸ್ಸಿನ ಗುರುತು ಹುಡುಕುವುದು. ನೀನೂ ಆಪರೇಷನ್ ಮಾಡಿಸಿಕೋ, ಮತ್ತೆ ಕೇಳಿಸುತ್ತದೆ ಎಂದು ಎಷ್ಟು ಗೋಗರೆದೆ! “ಕಾಯಿ ಕೀಳೋದು ಮುಗೀಲಿ ಬುಡು, ಬತ್ತೀನಿ. ನನ್ ಮೂಳೆನೂ ನೀನೇ ಇಟ್ಕೊಳ್ಳೋವಂತೆ.”

ಆ ಸಲ ಕಾಯಿ ಕೀಳುವಾಗಲೇ... ತೆಂಗಿನ ಮರದ ಮೇಲಿದ್ದವನು ಗೊನೆ ಕಡಿದು ಬೀಳಿಸುವ ಮುನ್ನ ಪಕ್ಕಕ್ಕೆ ಸರಿಯಿರಿ ಎಂದು ಕೂಗಿದನಂತೆ. ತೋಟದಲ್ಲಿದ್ದವರೆಲ್ಲ ಸರಿದರು. ನೀನು ಬಗ್ಗಿ ಕಾಯಿ ಆಯುತ್ತಲೇ ಇದ್ದೆ. “ಕೂಗ್ದೆ ಕಣಕ್ಕ, ಗಂಟ್ಲು ಕಿತ್ತೋಗೋ ಹಂಗೆ ಕೂಗ್ದೆ” ಎಂದು ಅವನು ನನ್ನ ಮುಂದೆ ಕುಸಿದು ಅತ್ತ. ನಿನ್ನನ್ನು ತೋಟದ ಅಂಚಿನಲ್ಲೇ ಮಣ್ಣು ಮಾಡಿದೆವು. ಯಾರ್ಯಾರದೋ ಕಿವಿಯ ಮೂಳೆ ನೋಡಿದ ನಾನು ನಿನ್ನದೊಂದನ್ನು ನೋಡಲಿಲ್ಲ.

ಕೆಲಸ ಏನಾಯಿತು ಅಂತ ಕೇಳುತ್ತೀಯಾ? ಕೆಲವು ಮೂಳೆಗಳಲ್ಲಿ ಗುರುತು ಸಿಕ್ಕಿತು, ಹೆಚ್ಚಿನವುಗಳಲ್ಲಿ ಇಲ್ಲ. ಸಿಕ್ಕಿದವುಗಳನ್ನು ಮತ್ತೆ ಪರೀಕ್ಷಿಸಿದರೆ ಅಲ್ಲೂ ಮಾಯ. ಸಿಕ್ಕರೂ ರೋಗ ತಂದದ್ದು ಅದೇ ಅನ್ನುವುದು ಹೇಗೆ? “ಇದರಿಂದ ಏನೂ ಹೇಳೋಕಾಗಲ್ಲ ಕಣಮ್ಮ, ನಿಲ್ಲಿಸಿಬಿಡೋಣ” ಎಂದರು ನಮ್ಮ ಹಿರಿಯ ಮೇಡಂ. ನಿಲ್ಲಿಸಿದೆವು. ನಿನಗೇ ಯಾಕೆ ಬಂತೋ ನನಗೆ ಗೊತ್ತಿಲ್ಲ ಅಕ್ಕ. ಎಂದಾದರೂ ಗೊತ್ತಾಗುತ್ತದೆ ಅನ್ನುವ ನಂಬಿಕೆಯೂ...

ನೀನು ಕೇಳದ ಸುದ್ದಿ ಒಂದಿದೆ. ನಿನ್ನ ಮಗಳು ಸುಧಾಗೆ ಹೆಣ್ಣು ಮಗುವಾಗಿದೆ. ನಿನ್ನ ಹೆಸರನ್ನೇ ಇಟ್ಟಿದ್ದೇವೆ. ಹೋದ ವಾರ ದಡಾರದ ಚುಚ್ಚುಮದ್ದು ಹಾಕಿಸಲು ಹೋಗಿದ್ದೆವು. ಅದರಿಂದ ಈ ಮಗುವಿನ ಕಿವಿ ಉಳಿಯುತ್ತದೆ ಎಂದು ನಾನು ಹೇಳಲಾರೆ, ದಡಾರವಂತೂ ಬಾರದಿರಲಿ. ಆಸ್ಪತ್ರೆಯಲ್ಲಿ ಜನ ಇರಲಿಲ್ಲ, ಗದ್ದಲವೂ ಇರಲಿಲ್ಲ. ನರ್ಸ್ ಒಳಬಾಗಿಲಲ್ಲಿ ನಿಂತು “ಗೌರಿ” ಎಂದು ಕರೆದರು. ಸುಧಾ ಮಗುವಿನ ಟೋಪಿ ಸರಿಮಾಡುತ್ತ ಕೂತೇ ಇದ್ದಳು. ನರ್ಸ್ ಮತ್ತೆ ಕರೆದರು.

ನಾನು ಸುಧಾಳ ಭುಜ ಮುಟ್ಟಿದೆ.

ನಿನ್ನ ಪುಟ್ಟಿ