ಮಾರ್ಗಳಿಯಲ್ಲಿ ಕಿತ್ತ ಇಪ್ಪತ್ಮೂರು ಮಲ್ಲಿಗೆ ಗಿಡಗಳ ಬಗ್ಗೆ

ಮಾನ್ಯ ಪೇಟೆ ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿಗಳೇ,

ಕಳೆದ ಮಾರ್ಗಳಿ ತಿಂಗಳಲ್ಲಿ, ಧನುರ್ಮಾಸದ ಚಳಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ತಾವು ಜೆಸಿಬಿ ತರಿಸಿ ಕೀಳಿಸಿದ್ದು ಒಣಗಿದ ಪೊದೆಗಳನ್ನಲ್ಲ. ಜೀವವಿದ್ದ ಇಪ್ಪತ್ಮೂರು ಮಲ್ಲಿಗೆ ಗಿಡಗಳನ್ನು. ಇದನ್ನೇ ತಮಿಳಿನಲ್ಲಿ ಮೂರು ಸಲ ಬರೆದು ತಮ್ಮ ಕಚೇರಿಗೆ ಕೊಟ್ಟೆ. ಉತ್ತರ ಬರಲಿಲ್ಲ. ಆದ್ದರಿಂದ ನಾಲ್ಕನೆಯದನ್ನು, ಇದು ತಮಿಳುನಾಡಾದರೂ, ನಮ್ಮ ಮನೆಮಾತಾದ ಕನ್ನಡದಲ್ಲಿ, ಹತ್ತು ಜನ ಓದುವಂತೆ ಬರೆಯುತ್ತಿದ್ದೇನೆ. ಓದದೆ ಪಕ್ಕಕ್ಕಿಡಲು ಈ ಸಲವಾದರೂ ತಮಗೊಂದು ನ್ಯಾಯವಾದ ಕಾರಣ ಸಿಗಲಿ.

ನಾನು ಆ ಟ್ಯಾಂಕಿನ ಎದುರು ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಹನ್ನೊಂದು ವರ್ಷದ ಹಿಂದೆ ಅಲ್ಲೇನಿತ್ತು ಎಂಬುದು ತಮ್ಮ ಕಡತದಲ್ಲಿ ಇರಲಾರದು. ಟ್ಯಾಂಕು ತುಂಬಿ ಹರಿದ ನೀರು ನಿಂತು ಕೊಳೆಯುತ್ತಿತ್ತು, ಸೊಳ್ಳೆ ಸಾಕುತ್ತಿತ್ತು. ಕುರಿ ಮೇಯಿಸುವ ತಿಮ್ಮರಾಯಪ್ಪನವರ ಹೆಂಡತಿ ಚಿನ್ನಕ್ಕ ಯಾರ ಆದೇಶಕ್ಕೂ ಕಾಯದೆ ಜಾಲಿ ಮುಳ್ಳು ಕಡಿದು, ಆ ನೀರಿಗೆ ಕಾಲುವೆ ತೋಡಿದಳು. ಪಾಪಿರೆಡ್ಡಿಪಟ್ಟಿಯ ತವರಿಂದ ತಾಯಿ ನೆಟ್ಟಿದ್ದ ಮಲ್ಲಿಗೆಯ ಒಂದು ಕೊಂಬೆ ತಂದು ಊರಿದಳು. ಬಳ್ಳಿಯನ್ನು ಬಗ್ಗಿಸಿ ಮಣ್ಣಿಗೆ ಹೂತು, ಬೇರು ಬಿಟ್ಟ ಮೇಲೆ ಬೇರ್ಪಡಿಸಿ, ಒಂದನ್ನು ಇಪ್ಪತ್ಮೂರು ಮಾಡಲು ಅವಳಿಗೆ ಏಳು ವರ್ಷ ಹಿಡಿಯಿತು. ತವರಿನ ಆ ತಾಯಿಗಿಡ ರಸ್ತೆ ಅಗಲವಾದಾಗ ಹೋಯಿತು. ಅವಳ ತಾಯಿಯೂ ಇಲ್ಲ. ಉಳಿದಿದ್ದುದು ಇಲ್ಲಿದ್ದ ಈ ಗಿಡಗಳಷ್ಟೇ.

ಗಿಡಕ್ಕೂ ಕಾಲವುಂಟು ಎಂಬುದನ್ನು ತಮ್ಮಂಥ ಓದಿದವರಿಗೆ ಹೇಳಬೇಕಾಗಿ ಬಂದಿರುವುದಕ್ಕೆ ಕ್ಷಮಿಸಿ. ಚಿತ್ತಿರೆಯ ಬಿಸಿಲಿಗೆ ಚಿನ್ನಕ್ಕ ಬುಡಕ್ಕೆ ಕಡಲೆಕಾಯಿ ಸಿಪ್ಪೆ ಹೊದಿಸುತ್ತಿದ್ದಳು. ಆಡಿ ಗಾಳಿ ಎದ್ದರೆ ಕೋಲು ಕಟ್ಟುತ್ತಿದ್ದಳು. ಪುರಟಾಸಿ ಮಳೆಯಲ್ಲಿ ಬುಡದಲ್ಲಿ ನೀರು ನಿಲ್ಲದಂತೆ ಸೆರಗು ಸಿಕ್ಕಿಸಿ ಗುದ್ದಲಿ ಹಿಡಿಯುತ್ತಿದ್ದಳು. ಮಾರ್ಗಳಿಯ ಚಳಿಯಲ್ಲಿ ಮಾತ್ರ ಅವಳು ಕಟುಕಳಾಗುತ್ತಿದ್ದಳು. ನೀರು ನಿಲ್ಲಿಸಿ, ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಇದ್ದ ಎಲೆಯನ್ನೂ ಉದುರಿಸಿ, ಬೋಳು ಕಡ್ಡಿ ಮಾಡಿ ನಿಲ್ಲಿಸುತ್ತಿದ್ದಳು. ಆಮೇಲೆ ಕುರಿಗೊಬ್ಬರ. ಎರಡು ತಿಂಗಳಿಗೆ, ಮಾಸಿಯಲ್ಲಿ, ಮೊಗ್ಗು. ಅಲ್ಲಿಂದ ಮೂರು ತಿಂಗಳು, ಬಸ್ಸಿಗೆ ಕಾಯುವ ಹೆಂಗಸರು, ಶಾಲೆಯ ಹುಡುಗಿಯರು, ಯಾರು ಕೇಳಿದರೂ ಒಂದು ಬೊಗಸೆ.

ತಾವು ಜೀಪಿನಿಂದಿಳಿದದ್ದು ಸರಿಯಾಗಿ ಕತ್ತರಿ ಹಾಕಿದ ಐದನೆಯ ದಿನ. ಮೇಲಿನವರ ತಪಾಸಣೆ ಬರುತ್ತಿತ್ತಂತೆ. “ಎನ್ನಮ್ಮಾ ಇದು, ಒರೇ ಕುಚ್ಚಿ?” ಎಂದಿರಿ. ಏನಮ್ಮ ಇದು, ಬರೀ ಕಡ್ಡಿ! ನಾನು ಅಂಗಡಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ. ಚಿನ್ನಕ್ಕ ಕೈ ಒರೆಸಿಕೊಳ್ಳುತ್ತಾ ಎದ್ದು ಬಂದಳು.

“ಸತ್ತಿಲ್ಲ ಸಾ. ಚಿಗುರ್ಲಿ ಅಂತ ಕತ್ರಿಸಿ ಕವಾತು ಮಾಡಿವ್ನಿ. ಮಾಸಿ ತಿಂಗ್ಳು ಬಂದು ನೋಡಿ, ನಿಮ್ ಮನೇವ್ರಿಗೆ ಮಡ್ಲು ತುಂಬ ಊ ಕೊಡ್ತೀನಿ.”

ತಾವು ನಕ್ಕಿರಿ. ಜೊತೆಗಿದ್ದ ಗುಮಾಸ್ತರೂ ನಕ್ಕರು. ಅದು ಅವರ ಉದ್ಯೋಗ. ನಾಲ್ಕು ದಿನದ ಮೇಲೆ ಜೆಸಿಬಿ ಬಂತು. ಓಡಿಸುವ ಸೆಲ್ವಂ ನಮ್ಮೂರಿನವನೇ. ಅವನ ಮದುವೆಯ ಮಾಲೆಗೂ ಹೂ ಹೋಗಿದ್ದು ಅಲ್ಲಿಂದಲೇ. ಇಂಜಿನ್ ನಿಲ್ಲಿಸಿ, “ಆರ್ಡರ್ ಅಕ್ಕಾ, ನಾನ್ ಎನ್ನ ಪಣ್ಣಟ್ಟುಂ?” ಎಂದು ತಲೆ ತಗ್ಗಿಸಿದ. ನಾನೇನು ಮಾಡಲಿ ಎಂದು ಕೇಳುವಷ್ಟು ನಾಚಿಕೆ ಒಬ್ಬ ಡ್ರೈವರಿಗಿತ್ತು. ಚಿನ್ನಕ್ಕ ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುವವರೆಗೆ ನಿಂತಿದ್ದು, ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದಳು.

ಇನ್ನು ಅಲ್ಲಿ ತಾವು ಬೋರ್ಡು ಹಾಕಿಸಿದ ‘ಹಸಿರು ಸೌಂದರ್ಯ ಉದ್ಯಾನ’ದ ಕಥೆಗೆ ಬರೋಣ. ಮಾರ್ಗಳಿಯಲ್ಲಿ ಅಷ್ಟು ಅವಸರದಿಂದ ಕಿತ್ತ ಜಾಗಕ್ಕೆ ಗಿಡ ಬಂದದ್ದು ನಾಲ್ಕು ತಿಂಗಳ ಮೇಲೆ, ಚಿತ್ತಿರೆಯಲ್ಲಿ. ಕಾಗೆಯೂ ನೆರಳು ಹುಡುಕುವ ತಿಂಗಳು ಸಸಿ ನೆಡುವ ತಿಂಗಳೆಂದು ತಮಗೆ ಬೋಧಿಸಿದ ಗುರುಗಳು ಯಾರು? ಜಲ್ಲಿಯ ಮೇಲೆ ಚಾಪೆಯಂತೆ ಹುಲ್ಲು ಹಾಸಿದಿರಿ. ಬಣ್ಣದ ಕ್ರೋಟನ್ ಸಸಿಗಳನ್ನು ಕಪ್ಪು ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಹಾಗೇ ಹೂತಿರಿ. ಮಧ್ಯಾಹ್ನ ಹನ್ನೆರಡಕ್ಕೆ ಫೋಟೋ ತೆಗೆಸಿಕೊಂಡಿರಿ. ಮರುದಿನ ಅದನ್ನು ಕಂಡ ಚಿನ್ನಕ್ಕ, ಅಷ್ಟೆಲ್ಲ ಆದ ಮೇಲೂ, ಕುಕ್ಕರಗಾಲಲ್ಲಿ ಕೂತು ಕವರು ಹರಿಯಲು ಹೋದಳು. “ಬೇರು ಉಸುರು ಬಿಡಾಕಾಯ್ತಿಲ್ಲ ಕಣಪ್ಪ” ಎಂದಳು. ಕಾವಲಿಗೆ ತಾವಿಟ್ಟಿದ್ದ ವೆಂಕಟಾಚಲಂ ಅವಳನ್ನು ಎಬ್ಬಿಸಿ ಕಳಿಸಿದ. ಸರ್ಕಾರಿ ಗಿಡ, ಮುಟ್ಟಬಾರದಂತೆ.

ಮರುತಿಂಗಳು ವೈಕಾಸಿ ಮುಗಿಯುವುದರೊಳಗೆ ಎಲ್ಲವೂ ಒಣಗಿ ತರಗಾಯಿತು. ಮೊದಲ ಬಾರಿಗೆ ಆ ಜಾಗದಲ್ಲಿ ನಿಜವಾದ ಒಣ ಪೊದೆಗಳು ಕಂಡವು. ತೆರವು ಮಾಡಲು ಜೆಸಿಬಿ ಯಾಕೆ ಬರಲಿಲ್ಲ? ಬಂದದ್ದು ನೋಟೀಸು, ಅದೂ ಚಿನ್ನಕ್ಕನ ಹೆಸರಿಗೆ. ಅವಳ ಕುರಿಗಳು ಉದ್ಯಾನವನ್ನು ಮೇಯ್ದು ಹಾಳು ಮಾಡಿವೆ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಬಂದು ವಿವರಣೆ ಕೊಡಬೇಕು ಎಂದು. ಆ ಎರಡು ತಿಂಗಳು ತಿಮ್ಮರಾಯಪ್ಪನವರ ಮಂದೆ ಇದ್ದದ್ದು ದೂರದ ಕಡಯಂಪಟ್ಟಿಯ ಕಡೆಯ ಹೊಲಗಳಲ್ಲಿ. ನೋಟೀಸು ಓದಿ ಹೇಳಿದಾಗ ಆ ಮನುಷ್ಯ ಕೇಳಿದ್ದು ಒಂದೇ ಮಾತು: “ಕ್ರೋಟನ್ ಎಲೆಗೆ ಯಾವ ಕುರಿ ಬಾಯಿ ಆಕ್ತೈತೆ? ಕುರಿಗೆ ಗೊತ್ತಿರೋದೂ ಆ ಸಾರ್‌ಗೆ ಗೊತ್ತಿಲ್ವಾ?” ಈ ಪ್ರಶ್ನೆಯನ್ನು ಯಥಾವತ್ತಾಗಿ ತಮಗೆ ತಲುಪಿಸುವುದು ನನ್ನ ಕರ್ತವ್ಯ.

ತಮ್ಮ ಕಡತದಲ್ಲಿಲ್ಲದ ಇನ್ನೊಂದು ಸಂಗತಿ. ಗಿಡ ಕಿತ್ತ ದಿನ ನಾನೂ ಅಂಗನವಾಡಿಯ ಕಲೈವಾಣಿಯೂ ಕೆರೆದಂಡೆಯ ಕಸದ ಗುಡ್ಡೆಗೆ ಹೋಗಿ, ಬೇರುಳಿದಿದ್ದ ಒಂಬತ್ತು ಬುಡಗಳನ್ನು ಆರಿಸಿ ತಂದು, ಅಕ್ಕಿ ಚೀಲಗಳಲ್ಲಿ ಮಣ್ಣು ತುಂಬಿ ನೆಟ್ಟೆವು. ಏಳು ಸತ್ತವು. ಚಿನ್ನಕ್ಕನಿಗೆ ಹೇಳಲು ಧೈರ್ಯ ಬರಲಿಲ್ಲ. ವೆಂಕಟಾಚಲಂ ಎಬ್ಬಿಸಿ ಕಳಿಸಿದಂದಿನಿಂದ ಅವಳು ಗಿಡದ ಮಾತೇ ಬಿಟ್ಟಿದ್ದಳು. ಟ್ಯಾಂಕಿನ ದಾರಿ ತಪ್ಪಿಸಿ, ಹಿಂದಿನ ಬೀದಿ ಸುತ್ತಿಕೊಂಡು ದಿನಸಿ ಅಂಗಡಿಗೆ ಹೋಗುತ್ತಿದ್ದಳು. ಕಳೆದ ವಾರ ಉಳಿದೆರಡರಲ್ಲಿ ಒಂದು ಮೊಗ್ಗು ಕಂಡಿತು. ಕೈ ಹಿಡಿದು ಕರೆತಂದೆ. ಚೀಲದ ಮುಂದೆ ಕೂತಳು. ಕಾಂಡವನ್ನು ಉಗುರಿನಿಂದ ಕೆರೆದಳು, ಒಳಗೆ ಹಸಿರಿತ್ತು. ಕಣ್ಣು ತುಂಬಿಕೊಂಡೇ ನನ್ನನ್ನು ಬೈದಳು.

“ಏನೇ ಪುಷ್ಪಾ, ಇಷ್ಟು ನೀರು ಉಯ್ತಾರಾ? ಮಣ್ಣು ಉಳಿ ಬಂದೈತೆ. ಇದ್ನ ಸಾಯಿಸ್ಬುಡ್ತಿದ್ದೆ ನೀನು.”

ಹೌದು ಸ್ವಾಮಿ, ನಾನೂ ತಪ್ಪು ಮಾಡಿದೆ. ಆದರೆ ಕೇಳಿಸಿಕೊಂಡೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ತಮ್ಮ ದಾಖಲೆಯಲ್ಲಿರುವ ‘ಒಣಗಿದ ಪೊದೆಗಳು’ ಎಂಬ ಮಾತನ್ನು ಹೊಡೆದು ‘ಜೀವಂತ ಮಲ್ಲಿಗೆ ಗಿಡಗಳು’ ಎಂದು ಬರೆದು, ಪಕ್ಕದಲ್ಲಿ ತಮ್ಮ ಸಹಿ ಹಾಕಿ. ನೋಟೀಸನ್ನು ಹಿಂದಕ್ಕೆ ತೆಗೆದುಕೊಳ್ಳಿ. ಆ ಜಾಗವನ್ನು ಚಿನ್ನಕ್ಕನ ಕೈಗೆ ಬಿಡಿ. ಬೋರ್ಡನ್ನು ಬೇಕಾದರೆ ತಾವೇ ಇಟ್ಟುಕೊಳ್ಳಿ. ಸೋಮವಾರ ಹತ್ತಕ್ಕೆ ಅವಳು ತಮ್ಮ ಕಚೇರಿಗೆ ಬರುವುದಿಲ್ಲ. ಅವಳಿಗೆ ಕೆಲಸವಿದೆ: ಎರಡು ಚೀಲಗಳ ಮಣ್ಣು ಬದಲಿಸಬೇಕು. ವಿವರಣೆ ಬೇಕಿದ್ದರೆ ತಾವೇ ಬನ್ನಿ, ಕೆಲಸ ಮಾಡುತ್ತಲೇ ಹೇಳುತ್ತಾಳೆ.

ಇಂತಿ,
ಹರಿದದ್ದನ್ನು ಹೊಲಿಯಬಲ್ಲೆ, ಕಿತ್ತದ್ದನ್ನು ಹೊಲಿಯಲಾರೆ ಎಂದು ತಡವಾಗಿ ತಿಳಿದ
ಪುಷ್ಪಾ
ಹೊಲಿಗೆ ಅಂಗಡಿ, ನೀರಿನ ಟ್ಯಾಂಕಿನ ಎದುರು